ಓ ಅಲ್ಲದ ಓ

1995ರಲ್ಲಿ ಬಾಂಬೆ ಮುಂಬೈ ಆಯಿತು. ಬೋರ್ಡುಗಳು ಬದಲಾದವು, ಲೆಟರ್‌ಹೆಡ್ಡುಗಳು ಬದಲಾದವು. ಹೈಕೋರ್ಟು ಮತ್ತು ಪವಾಯಿಯ ಐಐಟಿ ಮಾತ್ರ ಹಳೆಯ ಹೆಸರನ್ನೇ ಹಿಡಿದುಕೊಂಡು ಕೂತವು. ಆ ಸಾಲಿಗೆ ಸೇರಿದ ಇನ್ನೊಂದು ಸಂಗತಿ ನಮ್ಮಲ್ಲಿ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಅದೊಂದು ರಕ್ತದ ಗುಂಪು. ಜಗತ್ತಿನ ಯಾವ ಮೂಲೆಯಲ್ಲಿ ರಕ್ತವಿಜ್ಞಾನದ ಪುಸ್ತಕ ತೆರೆದರೂ ಅದು ಇವತ್ತಿಗೂ 'ಬಾಂಬೆ' ರಕ್ತವೇ. ಯುರೋಪಿನಲ್ಲಿ ಹತ್ತು ಲಕ್ಷಕ್ಕೊಬ್ಬರಲ್ಲಿ ಸಿಗುವ ಈ ರಕ್ತ ಭಾರತದಲ್ಲಿ ಸುಮಾರು 10,000ಕ್ಕೆ ಒಬ್ಬರಲ್ಲಿದೆ. ಅದರಲ್ಲೂ ಮಹಾರಾಷ್ಟ್ರ ಮತ್ತು ಅದಕ್ಕೆ ಹೊಂದಿಕೊಂಡ ನಮ್ಮ ಸೀಮೆಯಲ್ಲಿ ಹೆಚ್ಚು. ಅಂದರೆ ಬಾಂಬೆಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಕೆಲವರು ಈ 'ಬಾಂಬೆ'ಯನ್ನು ಊರಿಂದ ಬರುವಾಗಲೇ ಮೈಯಲ್ಲಿ ಹೊತ್ತು ತಂದವರು. ಅವರಲ್ಲಿ ಎಷ್ಟೋ ಜನರಿಗೆ ಅದು ಗೊತ್ತೇ ಇಲ್ಲ. ಅವರ ಗುರುತಿನ ಚೀಟಿಯಲ್ಲಿ 'ಓ ಪಾಸಿಟಿವ್' ಎಂದು ಬರೆದಿರುತ್ತದೆ.

ಕಥೆ ಶುರುವಾಗುವುದು ಪರೇಲಿನಲ್ಲಿ. ಗಿರಣಿ ಕಾರ್ಮಿಕರ ಕಾಲದಿಂದಲೂ ಬಡವರ ದೊಡ್ಡಾಸ್ಪತ್ರೆ ಅನ್ನಿಸಿಕೊಂಡ ಕೆಇಎಂ, 1926ರಲ್ಲಿ ಬಾಗಿಲು ತೆರೆದದ್ದು. ಅಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಜೊತೆಗಾರರ ಮುಂದೆ ಇಬ್ಬರು ರೋಗಿಗಳ ರಕ್ತ ಒಂದು ವಿಚಿತ್ರ ಸಮಸ್ಯೆ ತಂದಿಟ್ಟಿತು. ಪುಸ್ತಕಗಳು ಹೇಳುವ ಪ್ರಕಾರ ಒಬ್ಬ ಗಾಯಗೊಂಡ ರೈಲ್ವೆ ಕಾರ್ಮಿಕ, ಇನ್ನೊಬ್ಬ ಚೂರಿ ಇರಿತಕ್ಕೆ ಒಳಗಾದವನು. ಪರೀಕ್ಷೆ ಮಾಡಿದರೆ ಗುಂಪು ಓ ಎಂದು ತೋರುತ್ತಿತ್ತು. ಆದರೆ ಓ ಗುಂಪಿನ ದಾನಿಗಳ ರಕ್ತವನ್ನು ಇವರ ಸೀರಮ್ಮಿನೊಂದಿಗೆ ಬೆರೆಸಿದರೆ ಕಣಗಳು ಗಂಟುಕಟ್ಟಿಕೊಳ್ಳುತ್ತಿದ್ದವು. ಎ ಆಗಲಿಲ್ಲ, ಬಿ ಆಗಲಿಲ್ಲ, ಎಲ್ಲರಿಗೂ ಆಗಿಬರುವ ಓ ಕೂಡ ಆಗಲಿಲ್ಲ. ದಾನಿಯ ಮೇಲೆ ದಾನಿಯನ್ನು ಪರೀಕ್ಷಿಸಿದ ಮೇಲೆ ಹೊಂದುವ ರಕ್ತವಿದ್ದ ಒಬ್ಬ ಮನುಷ್ಯ ಅದೇ ನಗರದಲ್ಲಿ ಸಿಕ್ಕಿದ. 1952ರ ಮೇ ತಿಂಗಳಲ್ಲಿ ಈ ಮೂವರ ರಕ್ತದ ಬಗ್ಗೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬಂತು. ಬರೆದವರು ಏಳು ಜನ. ಬಾಂಬೆಯಿಂದ ಭೆಂಡೆ, ದೇಶಪಾಂಡೆ, ಭಾಟಿಯಾ; ಲಂಡನ್ನಿನಿಂದ ಸ್ಯಾಂಗರ್, ರೇಸ್, ಮೋರ್ಗನ್, ವಾಟ್ಕಿನ್ಸ್. ಶೀರ್ಷಿಕೆಯಲ್ಲಿ 'ಹೊಸ' ಎಂಬ ಪದವನ್ನು ಅವರು ಉದ್ಧರಣ ಚಿಹ್ನೆಯೊಳಗೇ ಇಟ್ಟಿದ್ದರು. ಆ ಸಂಕೋಚ ನನಗೆ ಇಷ್ಟ. ಆ ರಕ್ತ ಹೊಸದೇನಾಗಿರಲಿಲ್ಲ, ನೋಡಿದ ಕಣ್ಣು ಹೊಸದಾಗಿತ್ತು.

ಇದರಿಂದ ಯಾಕೆ ಅಷ್ಟು ಗಲಿಬಿಲಿ ಎಂದು ತಿಳಿಯಬೇಕಾದರೆ ಅರ್ಧ ಶತಮಾನ ಹಿಂದೆ ಹೋಗಬೇಕು. ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ತನ್ನದೂ ತನ್ನ ಸಹೋದ್ಯೋಗಿಗಳದೂ ರಕ್ತ ತೆಗೆದು ಒಬ್ಬರ ಸೀರಮ್ಮನ್ನು ಇನ್ನೊಬ್ಬರ ಕಣಗಳೊಂದಿಗೆ ಬೆರೆಸಿ ನೋಡಿದ. 1901ರಲ್ಲಿ ಮೂರು ಗುಂಪುಗಳನ್ನು ಹೇಳಿದ. ಮರುವರ್ಷ ಆತನ ಬಳಗದವರೇ ನಾಲ್ಕನೆಯದಾದ ಎಬಿ ಕಂಡುಕೊಂಡರು. ಆಗಷ್ಟೇ ಮೆಂಡೆಲ್‌ನ ಬಟಾಣಿ ಪ್ರಯೋಗಗಳು ಮೂವತ್ತೈದು ವರ್ಷದ ಧೂಳು ಕೊಡವಿಕೊಂಡು ಮೇಲೆದ್ದಿದ್ದವು. 1910ರಲ್ಲಿ ಹೈಡೆಲ್‌ಬರ್ಗಿನಲ್ಲಿ ಎಮಿಲ್ ಫಾನ್ ಡುಂಗರ್ನ್ ಮತ್ತು ಲುಡ್ವಿಕ್ ಹಿರ್ಷ್‌ಫೆಲ್ಡ್ 70ಕ್ಕೂ ಹೆಚ್ಚು ಕುಟುಂಬಗಳ ರಕ್ತ ನೋಡಿ, ಗುಂಪು ಅಪ್ಪ ಅಮ್ಮನಿಂದ ಮಕ್ಕಳಿಗೆ ಮೆಂಡೆಲ್‌ನ ಲೆಕ್ಕದಂತೆ ಇಳಿಯುತ್ತದೆ ಎಂದು ತೋರಿಸಿದರು. ಮನುಷ್ಯನ ಆರೋಗ್ಯವಂತ ಮೈಯಲ್ಲಿ ಇಷ್ಟು ಖಚಿತವಾಗಿ ವಂಶದ ಲೆಕ್ಕ ಸಿಕ್ಕಿದ್ದು ಅದೇ ಮೊದಲು ಎನ್ನಬಹುದು. ಎತ್ತರ, ಬಣ್ಣ, ಬುದ್ಧಿ ಇವೆಲ್ಲ ಜಾರುವ ಲಕ್ಷಣಗಳು. ರಕ್ತದ ಗುಂಪು ಹಾಗಲ್ಲ. ಗಂಟುಕಟ್ಟುತ್ತದೆ ಅಥವಾ ಕಟ್ಟುವುದಿಲ್ಲ.

ಹಿರ್ಷ್‌ಫೆಲ್ಡ್ ಮುಂದೆ ಮೊದಲ ಮಹಾಯುದ್ಧದಲ್ಲಿ ಹೆಂಡತಿ ಹಾಂಕಾ ಜೊತೆ ಗ್ರೀಸಿನ ಸಲೋನಿಕಾದಲ್ಲಿ ವೈದ್ಯನಾಗಿದ್ದ. ಅಲ್ಲಿ ಬೀಡುಬಿಟ್ಟಿದ್ದ ನಾನಾ ದೇಶದ ಸೈನಿಕರ ಸಾವಿರಾರು ರಕ್ತಮಾದರಿಗಳನ್ನು ಇಬ್ಬರೂ ಪರೀಕ್ಷಿಸಿದರು. ಬ್ರಿಟಿಷ್ ಸೇನೆಯ ಭಾರತೀಯ ಸಿಪಾಯಿಗಳೂ ಅದರಲ್ಲಿದ್ದರು. ಬಿ ಗುಂಪು ಅವರಲ್ಲೇ ಎಲ್ಲರಿಗಿಂತ ಹೆಚ್ಚು ಕಂಡಿತು. ಬಿ ರಕ್ತದ ತವರು ಭಾರತವೇ ಇರಬೇಕು ಎಂದು ದಂಪತಿ ಊಹಿಸಿ 1919ರಲ್ಲಿ ಪ್ರಕಟಿಸಿದರು. ಊಹೆ ನಿಲ್ಲಲಿಲ್ಲ, ಅಂಕಿಗಳು ನಿಂತವು. ಇಂಥ ಅಂಕಿಗಳನ್ನೇ ಇಟ್ಟುಕೊಂಡು ಗಟಿಂಗೆನ್ನಿನ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್ 1924ರಲ್ಲಿ ಒಂದು ಇತ್ಯರ್ಥ ಮಾಡಿದ. ಎ, ಬಿ, ಓ ಒಂದೇ ಜೀನಿನ ಮೂರು ರೂಪಗಳು. ಪ್ರತಿಯೊಬ್ಬರಲ್ಲೂ ಎರಡು ಪ್ರತಿ, ಅಪ್ಪನದೊಂದು ಅಮ್ಮನದೊಂದು. ಎ ಮತ್ತು ಬಿ ಸಮಬಲರು, ಓ ಇಬ್ಬರೆದುರೂ ಮೌನಿ. ನಾವೆಲ್ಲ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಕೋಷ್ಟಕ ಇದೇ. ಎಬಿ ತಂದೆಗೆ ಓ ಮಗು ಹುಟ್ಟದು. ಇಬ್ಬರೂ ಓ ಆದರೆ ಮಗು ಓ ಮಾತ್ರ.

ಈ ಕೋಷ್ಟಕ ಬೇಗನೆ ಪ್ರಯೋಗಾಲಯ ಬಿಟ್ಟು ಕೋರ್ಟಿಗೆ ಹೋಯಿತು. ಚಾರ್ಲಿ ಚಾಪ್ಲಿನ್ ಮೇಲೆ ಜೋನ್ ಬ್ಯಾರಿ ಎಂಬಾಕೆ ಹೂಡಿದ ಪಿತೃತ್ವದ ದಾವೆಯಲ್ಲಿ ತಾಯಿ ಎ, ಮಗು ಬಿ, ಚಾಪ್ಲಿನ್ ಓ. ಲೆಕ್ಕದ ಪ್ರಕಾರ ಅವನು ತಂದೆಯಾಗಲು ಸಾಧ್ಯವಿರಲಿಲ್ಲ. 1945ರಲ್ಲಿ ಜ್ಯೂರಿ ಆ ಪರೀಕ್ಷೆಯನ್ನು ಬದಿಗಿಟ್ಟು ಅವನೇ ತಂದೆ ಎಂದು ತೀರ್ಪು ಕೊಟ್ಟಿತು. ವಿಜ್ಞಾನದ ಪರವಾಗಿ ಬರೆಯುವವರು ಇಂದಿಗೂ ಆ ಜ್ಯೂರಿಯನ್ನು ಬಯ್ಯುತ್ತಾರೆ, ಬಯ್ಯಬೇಕಾದದ್ದೇ. ಆದರೆ ಏಳು ವರ್ಷ ಕಳೆಯುವಷ್ಟರಲ್ಲಿ ಪರೇಲಿನ ಮೂವರು ಆ ಕೋಷ್ಟಕದಲ್ಲೇ ಒಂದು ತೂತು ತೋರಿಸಿದರು.

ತೂತು ಎಲ್ಲಿತ್ತು? ಓ ಕಣದ ಮೇಲೆ ಏನೂ ಇಲ್ಲ, ಅದು ಸೊನ್ನೆ ಎಂದು ಬಹುಕಾಲ ನಂಬಿದ್ದರು. ನಿಜವಾಗಿ ಅದರ ಮೇಲೂ ಒಂದು ವಸ್ತು ಇದೆ ಎಂದು ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ವಾಲ್ಟರ್ ಮೋರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ಗುರುತಿಸಿ, 1948ರಲ್ಲಿ 'ಎಚ್' ಎಂದು ಹೆಸರಿಟ್ಟಿದ್ದರು. ಗೋಡೆಗೆ ಹೊಡೆದ ಗೂಟವನ್ನು ನೆನೆಯಿರಿ. ಎಚ್ ಆ ಗೂಟ. ಎ ಜೀನು ಇದ್ದವರಲ್ಲಿ ಆ ಗೂಟಕ್ಕೆ ಒಂದು ಬಗೆಯ ಸಕ್ಕರೆ ಕಣ ತಗುಲಿಕೊಳ್ಳುತ್ತದೆ, ಬಿ ಇದ್ದವರಲ್ಲಿ ಇನ್ನೊಂದು ಬಗೆಯದು. ಓ ಇದ್ದವರಲ್ಲಿ ಏನೂ ತಗುಲುವುದಿಲ್ಲ, ಬರಿಗೂಟ. ಬಾಂಬೆ ರಕ್ತದವರಲ್ಲಿ ಗೂಟವೇ ಇಲ್ಲ. ಎ ಜೀನು ಇರಬಹುದು, ಬಿ ಜೀನೂ ಇರಬಹುದು, ಅವು ತಯಾರಿಸುವ ಕಿಣ್ವಗಳೂ ಸರಿಯಾಗಿಯೇ ಇರಬಹುದು. ತೂಗುಹಾಕಲು ಜಾಗವಿಲ್ಲ. ಹೊರಗಿನಿಂದ ನೋಡಿದವರಿಗೆ ಎ ಕಾಣದು, ಬಿ ಕಾಣದು. ಹಾಗಾದರೆ ಓ ಎಂದು ಬರೆದುಬಿಡುತ್ತಾರೆ. ಆದರೆ ತನ್ನ ಮೈಯಲ್ಲಿ ಎಂದೂ ಕಾಣದ ಎಚ್ ಆ ಮೈಗೆ ಪರಕೀಯ, ಅದರ ವಿರುದ್ಧ ಪ್ರತಿಕಾಯಗಳು ಮೊದಲೇ ಸಿದ್ಧವಾಗಿ ಕೂತಿರುತ್ತವೆ. ಗೂಟ ತುಂಬಿದ ಓ ರಕ್ತ ಒಳಗೆ ಹೋದರೆ ಅದನ್ನು ಒಡೆದು ಹಾಕುತ್ತವೆ. ಜೀವಕ್ಕೇ ಅಪಾಯ.

ಒಂದು ಜೀನಿನ ಕೆಲಸ ಕಾಣಬೇಕಾದರೆ ಇನ್ನೊಂದು ಜೀನು ಮೊದಲು ತನ್ನ ಕೆಲಸ ಮುಗಿಸಿರಬೇಕು. ಈ ಮಾತು ಪೂರ್ತಿ ಹೊಸದಲ್ಲ. ವಂಶವಿಜ್ಞಾನಕ್ಕೆ ಇಂಗ್ಲಿಷಿನಲ್ಲಿ ಹೆಸರಿಟ್ಟ ವಿಲಿಯಂ ಬೇಟ್‌ಸನ್ 20ನೇ ಶತಮಾನದ ಮೊದಲ ದಶಕದಲ್ಲೇ ಸ್ವೀಟ್ ಪೀ ಎಂಬ ಹೂಬಳ್ಳಿಯಲ್ಲಿ ಇದನ್ನು ಕಂಡಿದ್ದ. ಬಿಳಿ ಹೂವಿನ ಎರಡು ತಳಿಗಳನ್ನು ಕೂಡಿಸಿದರೆ ನೇರಳೆ ಹೂ ಬಿಟ್ಟಿತು! ಅವುಗಳ ಮರಿಗಳಲ್ಲಿ ನೇರಳೆ ಮತ್ತು ಬಿಳಿ 9ಕ್ಕೆ 7ರಂತೆ ಬಂದವು. ಬಣ್ಣಕ್ಕೆ ಎರಡು ಜೀನು ಬೇಕು. ಒಂದು ತಳಿಯಲ್ಲಿ ಇದು ಕೆಟ್ಟಿದೆ, ಇನ್ನೊಂದರಲ್ಲಿ ಅದು ಕೆಟ್ಟಿದೆ. ಪೀಯಲ್ಲಿ ಸರಿ, ಮನುಷ್ಯನಲ್ಲಿ? 1955ರಲ್ಲಿ ಅಮೆರಿಕದಲ್ಲಿ ಫಿಲಿಪ್ ಲೆವಿನ್ ತಂಡ ಇಟಲಿ ಮೂಲದ ಒಂದು ಕುಟುಂಬವನ್ನು ಪರೀಕ್ಷಿಸಿತು. ಓ ಎಂದು ತೋರುವ ತಾಯಿ ತನ್ನ ಮಗಳಿಗೆ ಬಿ ಜೀನನ್ನು ದಾಟಿಸಿದ್ದಳು. ತಾಯಿಯಲ್ಲಿ ಬಿ ಇತ್ತು, ತಗುಲಿಕೊಳ್ಳಲು ಗೂಟವಿರಲಿಲ್ಲ. ಮಗಳಿಗೆ ಅಪ್ಪನಿಂದ ಗೂಟ ಸಿಕ್ಕಿತ್ತು. ಎಬಿಓ ಜೀನು 9ನೇ ವರ್ಣತಂತುವಿನಲ್ಲಿದೆ, ಎಚ್ ಜೀನು 19ರಲ್ಲಿ. ಒಂದಕ್ಕೊಂದು ಸಂಬಂಧವಿಲ್ಲದೆ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತವೆ. 1990ರ ದಶಕದಲ್ಲಿ ಭಾರತೀಯ ಬಾಂಬೆ ರಕ್ತದವರ ಎಚ್ ಜೀನನ್ನು ಓದಿದಾಗ ಸಿಕ್ಕ ದೋಷ ಒಂದೇ ಅಕ್ಷರದ್ದು. 725ನೇ ಸ್ಥಾನದಲ್ಲಿ ಟಿ ಇರಬೇಕಾದಲ್ಲಿ ಜಿ. ಅಷ್ಟಕ್ಕೇ ಕಿಣ್ವ ಕೆಲಸ ನಿಲ್ಲಿಸುತ್ತದೆ. ಹಾಗೆಂದು ಆ ಮನುಷ್ಯನಿಗೆ ಯಾವ ಕಾಯಿಲೆಯೂ ಇಲ್ಲ. ರಕ್ತ ಬೇಕಾಗುವ ದಿನದವರೆಗೆ ಅವನು ಎಲ್ಲರಂತೆ.

ಈಗ ಕುಟುಂಬದ ಒಳಗೆ ಬರೋಣ. ಅಪ್ಪ ಎಬಿ, ಅಮ್ಮ ಎ. ಮಗು 'ಓ' ಎಂದು ಚೀಟಿ ಬರುತ್ತದೆ. ಪಿಯುಸಿ ಕೋಷ್ಟಕ ಬಲ್ಲ ಯಾರಾದರೂ ಇದು ಸಾಧ್ಯವಿಲ್ಲ ಎನ್ನುತ್ತಾರೆ. ಅರೆಬರೆ ಜ್ಞಾನ ಎಲ್ಲಿಗೆ ತಿರುಗುತ್ತದೆ ಎಂದು ಹೇಳಬೇಕಿಲ್ಲ, ಅನುಮಾನ ಬೀಳುವುದು ಯಾವಾಗಲೂ ಹೆಂಗಸಿನ ಮೇಲೆ. ಇಬ್ಬರಲ್ಲೂ ಒಂದೊಂದು ಕೆಟ್ಟ ಎಚ್ ಪ್ರತಿ ಇದ್ದು, ಮಗುವಿಗೆ ಎರಡೂ ಬಂದಿರಬಹುದು ಎಂಬ ಸಾಧ್ಯತೆ ಮನೆಯ ಜಗಳದ ಹೊತ್ತಿಗೆ ಯಾರ ತಲೆಗೂ ಹೊಳೆಯುವುದಿಲ್ಲ. ನಮ್ಮ ಕಾನೂನು ಈ ವಿಷಯದಲ್ಲಿ ವಿಜ್ಞಾನಕ್ಕಿಂತ ಹೆಚ್ಚು ಎಚ್ಚರ ತೋರಿಸಿದೆ ಎಂದು ನನ್ನ ಅಭಿಪ್ರಾಯ. ದಾಂಪತ್ಯದೊಳಗೆ ಹುಟ್ಟಿದ ಮಗು ಆ ದಂಪತಿಯದೇ ಎಂಬ ಗೃಹೀತ 1872ರ ಸಾಕ್ಷ್ಯ ಕಾಯಿದೆಯಲ್ಲೇ ಇತ್ತು. 1993ರಲ್ಲಿ ಗೌತಮ್ ಕುಂಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೇಳಿದ ಮಾತ್ರಕ್ಕೆ ರಕ್ತಪರೀಕ್ಷೆಗೆ ಆದೇಶ ಕೊಡಲಾಗದು ಎಂದಿತು.

ಇನ್ನು ಲೆಕ್ಕ. 10,000ಕ್ಕೆ ಒಬ್ಬರಲ್ಲಿ ಎರಡೂ ಪ್ರತಿ ಕೆಟ್ಟಿರಬೇಕಾದರೆ, ಒಂದು ಪ್ರತಿ ಮಾತ್ರ ಕೆಟ್ಟಿರುವವರು ಎಷ್ಟು? ಯಾರು ಯಾರನ್ನಾದರೂ ಮದುವೆಯಾಗುವ ಸಮಾಜ ಎಂದಿಟ್ಟುಕೊಂಡರೆ ಸುಮಾರು 50ಕ್ಕೆ ಒಬ್ಬರು. ಸಂಜೆಯ ಲೋಕಲ್ಲಿನ ಒಂದು ಡಬ್ಬಿಯಲ್ಲೇ ನಾಲ್ಕೈದು ಜನ ಸಿಗಬಹುದು. ಅವರಿಗೆ ಯಾವ ತೊಂದರೆಯೂ ಇಲ್ಲ, ಯಾವ ಸಾಮಾನ್ಯ ಪರೀಕ್ಷೆಯಲ್ಲೂ ತಿಳಿಯುವುದಿಲ್ಲ. ಅಂಥವನೊಬ್ಬ ಸಂಬಂಧವಿಲ್ಲದ ಕಡೆಯಿಂದ ಹೆಣ್ಣು ತಂದರೆ ಆಕೆಯಲ್ಲೂ ಅದಿರುವ ಸಾಧ್ಯತೆ 50ಕ್ಕೆ 1. ಅಕ್ಕನ ಮಗಳನ್ನೇ ಮದುವೆಯಾದರೆ 4ಕ್ಕೆ 1. ಸೋದರಮಾವನ ಮಗಳು ಅಥವಾ ಸೋದರತ್ತೆಯ ಮಗಳಾದರೆ 8ಕ್ಕೆ 1. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ಮಾಹಿತಿ ಕಲೆಹಾಕಿದ ಬಿಟಲ್ಸ್, ಅಪ್ಪಾಜಿ ರಾವ್ ಮೊದಲಾದವರ ಅಧ್ಯಯನದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗಿನದು. ಅದರಲ್ಲಿ ದೊಡ್ಡ ಪಾಲು ಮಾವ–ಸೊಸೆ ಸಂಬಂಧದ್ದೇ. ಆಸ್ತಿ ಹೊರಗೆ ಹೋಗಬಾರದು, ಮಗಳು ತವರಿಂದ ದೂರವಾಗಬಾರದು ಎಂದು ಹಿರಿಯರು ಕಟ್ಟಿದ ಏರ್ಪಾಡು ಇದು. ಅದನ್ನು ಒಂದೇ ಮಾತಿನಲ್ಲಿ ಮೂಢತನ ಎನ್ನಲಾರೆ. ಹೊಲದ ಜೊತೆಗೆ 725ನೇ ಅಕ್ಷರವೂ ಮನೆಯೊಳಗೇ ಉಳಿಯಿತು ಎಂಬುದು ಮಾತ್ರ ನಿಜ.

ಮನೆಯೊಳಗೇ ಉಳಿಯುವುದಕ್ಕೆ ಇನ್ನೊಂದು ಮುಖವೂ ಇದೆ. ಬಾಂಬೆ ರಕ್ತದವರಿಗೆ ಹೊಂದುವ ದಾನಿ ಸಿಗುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚಿರುವುದು ಒಡಹುಟ್ಟಿದವರಲ್ಲಿ, ನಾಲ್ಕಕ್ಕೆ ಒಂದು. ಊರಲ್ಲಿ ಇದ್ದಿದ್ದರೆ ಅಣ್ಣನೋ ತಂಗಿಯೋ ಪಕ್ಕದ ಬೀದಿಯಲ್ಲಿರುತ್ತಿದ್ದರು. ನಾವಿರುವುದು ಅಂಧೇರಿಯಲ್ಲಿ, ಹಿಂಜೆವಾಡಿಯಲ್ಲಿ, ಗುರುಗ್ರಾಮದಲ್ಲಿ, ಅಣ್ಣ ಹಾವೇರಿಯಲ್ಲಿ. ಚಿಕ್ಕ ಕುಟುಂಬವಾದ್ದರಿಂದ ಅಣ್ಣನೇ ಇಲ್ಲದಿರುವುದೂ ಸಾಮಾನ್ಯ. ಬಾಂಬೆ ರಕ್ತದವರು ಓ, ಎ, ಬಿ ಯಾರಿಗಾದರೂ ಕೊಡಬಹುದು, ತೆಗೆದುಕೊಳ್ಳುವುದು ಮಾತ್ರ ತಮ್ಮಂಥವರಿಂದಲೇ. ಫ್ರಿಜ್ಜಿನಲ್ಲಿಟ್ಟ ಕೆಂಪುಕಣಗಳು ಐದಾರು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ. ಹೀಗಾಗಿ ಬಹುತೇಕ ಕಡೆ ಇಟ್ಟುಕೊಳ್ಳುವುದು ರಕ್ತವನ್ನಲ್ಲ, ಫೋನ್ ನಂಬರುಗಳನ್ನು.

ಭಾಟಿಯಾ ಮುಂದೆ ಬಾಂಬೆಯಲ್ಲೇ ಈ ಕೆಲಸ ಬೆಳೆಸಿದರು. 1957ರಲ್ಲಿ ಅಲ್ಲಿ ಆರಂಭವಾದ ರಕ್ತಗುಂಪು ಕೇಂದ್ರ ಇಂದು ಐಸಿಎಂಆರ್‌ನ ರಾಷ್ಟ್ರೀಯ ಸಂಸ್ಥೆಯಾಗಿ ಕೆಇಎಂ ಆವರಣದಲ್ಲೇ ಇದೆ. 1974ರಲ್ಲಿ ಭಾಟಿಯಾ ಮತ್ತು ಸಾಠೆ ಕೊಟ್ಟ ಅಂಕಿಯ ಪ್ರಕಾರ ಬಾಂಬೆ ನಗರದಲ್ಲಿ 7,600 ಜನರಿಗೆ ಒಬ್ಬರು. ಈ ರಕ್ತವನ್ನು ಕಂಡುಹಿಡಿಯಲು ದುಬಾರಿ ಯಂತ್ರವೇನೂ ಬೇಡ. ಶಿಬಿರಗಳಲ್ಲಿ ಸಾಮಾನ್ಯವಾಗಿ ನಮ್ಮ ಕಣಗಳಿಗೆ ಅವರ ಸೀರಮ್ ಹಾಕಿ ನೋಡಿ ಕೈಬಿಡುತ್ತಾರೆ. ನಮ್ಮ ಸೀರಮ್ಮಿಗೆ ಓ ಕಣಗಳನ್ನು ಹಾಕಿ ನೋಡುವ ಇನ್ನೊಂದು ಹೆಜ್ಜೆ ಇದೆ. ನಿಜವಾದ ಓ ಆಗಿದ್ದರೆ ಏನೂ ಆಗುವುದಿಲ್ಲ. ಗಂಟುಕಟ್ಟಿದರೆ, ಚೀಟಿ ಬದಲಾಯಿಸಬೇಕು.

2017ರಲ್ಲಿ ಮ್ಯಾನ್ಮಾರಿನ ಯಾಂಗೋನ್‌ನಲ್ಲಿ ಒಬ್ಬ ಮಹಿಳೆಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಿತ್ತು, ಬಾಂಬೆ ರಕ್ತ ಅಲ್ಲೆಲ್ಲೂ ಸಿಗಲಿಲ್ಲ. ಇಂಥ ದಾನಿಗಳ ಪಟ್ಟಿ ಇಟ್ಟುಕೊಂಡಿರುವ ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ನಿಗೆ ಕರೆ ಬಂತು. ಎರಡು ಯೂನಿಟ್ ರಕ್ತ ದಾವಣಗೆರೆಯ ಒಂದು ರಕ್ತನಿಧಿಯಲ್ಲಿತ್ತು. ತಂಪು ಪೆಟ್ಟಿಗೆಯಲ್ಲಿಟ್ಟು ಕೊರಿಯರ್ ಮಾಡಿದರು.