ಮಲಗಿದ್ದ ಮಹಾಮೂರ್ತಿ ನಿಂತ ಬಗೆ

ಶ್ರವಣಬೆಳಗೊಳದ 58 ಅಡಿಯ ಗೊಮ್ಮಟಮೂರ್ತಿಯನ್ನು ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯಲ್ಲಿ ವಿಂಧ್ಯಗಿರಿಯ ನೆತ್ತಿಯ ಬಂಡೆಯಲ್ಲಿಯೇ ಕಡೆಯಿಸಿದನು. ಅದನ್ನು ಎತ್ತಿ ನಿಲ್ಲಿಸುವ ಪ್ರಮೇಯವೇ ಇರಲಿಲ್ಲ. ಕಾರ್ಕಳದ ವಿಷಯ ಬೇರೆ. ವೀರಪಾಂಡ್ಯ ಭೈರರಸನು 1432ರ ಫೆಬ್ರವರಿ 13ರಂದು ಪ್ರತಿಷ್ಠಾಪಿಸಿದ 42 ಅಡಿಯ ಮೂರ್ತಿಯನ್ನು ಬೇರೆಡೆ ಕಡೆದು, ಗಾಲಿಬಂಡಿಯ ಮೇಲೆ ಗುಡ್ಡಕ್ಕೆ ಏರಿಸಲಾಯಿತೆಂಬುದು ಪ್ರತೀತಿ. ತೂಕ ಸುಮಾರು 80 ಟನ್. ಎಳೆದು ತಂದುದು ಸಾಹಸವೇ ಸರಿ. ಮಲಗಿದ್ದುದನ್ನು ನಿಲ್ಲಿಸಿದುದು ಅದಕ್ಕೂ ಮಿಗಿಲು. ಶಾಸನದಲ್ಲಿ ಅರಸನ ಹೆಸರುಂಟು, ಗುರು ಲಲಿತಕೀರ್ತಿಗಳ ಹೆಸರುಂಟು. ಹಗ್ಗ ಹಿಡಿದವರ ಹೆಸರಿಲ್ಲ.

ತಕ್ಕಡಿಯ ಒಂದು ತಟ್ಟೆಯನ್ನು ನಡುವಿನಿಂದ ಇಮ್ಮಡಿ ದೂರಕ್ಕೆ ಸರಿಸಿದರೆ, ಅದರಲ್ಲಿನ ಒಂದು ಸೇರು ಎದುರಿನ ಎರಡು ಸೇರಿಗೆ ಸಮನಾಗುವುದನ್ನು ವರ್ತಕರೆಲ್ಲರೂ ಬಲ್ಲರು. ಭಾರವೊಂದೇ ಅಲ್ಲ, ಆಧಾರದಿಂದ ಅದು ಇರುವ ದೂರವೂ ಸೇರಿ ತಿರುಗುಬಲವಾಗುತ್ತದೆ. ಹತ್ತು ಅಡಿಯ ಹಾರೆಗೆ ತುದಿಯಿಂದ ಒಂದಡಿಯಲ್ಲಿ ಒತ್ತುಗಲ್ಲು ಕೊಟ್ಟು ಮೀಟಿದರೆ ಒಬ್ಬನು ಒಂಬತ್ತು ಜನರ ಕೆಲಸ ಮಾಡುತ್ತಾನೆ. ಇಂದಿಗೂ ಗಿರಿನಗರದಂತಹ ಬಡಾವಣೆಗಳಲ್ಲಿ ಕಲ್ಲುಕೆಲಸದವರು ಚಪ್ಪಡಿಯನ್ನು ಸರಿಸುವುದು ಹೀಗೆಯೇ.

ಅಂಗಾತ ಮಲಗಿದ ಮೂರ್ತಿಗೆ ಪಾದವೇ ಆಧಾರ. ಅದರ ಗುರುತ್ವಕೇಂದ್ರವು ಸುಮಾರು ನಡುವಿನಲ್ಲಿದೆಯೆಂದು ಎಣಿಸಿದರೆ, ತಲೆಯ ಕಡೆಯಿಂದ ಮೊದಲ ಅಂಗುಲ ಎತ್ತುವುದಕ್ಕೆ ಹೆಚ್ಚುಕಡಿಮೆ 40 ಟನ್ ಬಲ ಬೇಕು. ಮೇಲೆದ್ದಂತೆ ಗುರುತ್ವಕೇಂದ್ರವು ಪಾದದತ್ತ ಸರಿಯುತ್ತದೆ. 60 ಡಿಗ್ರಿಗೆ ಬಂದಾಗ ಕೆಳಗೆಳೆಯುವ ತಿರುಗುಬಲ ಅರ್ಧಕ್ಕಿಳಿದಿರುತ್ತದೆ. ನೆಟ್ಟಗಾಗುವ ಹೊತ್ತಿಗೆ ಅದು ಶೂನ್ಯವಾಗುತ್ತದೆ. ಆದರೆ ಶ್ರಮ ಮುಗಿಯುವಲ್ಲಿಯೇ ಅಪಾಯ ಮೊದಲಾಗುವುದು! ತೂಕದ ಗೆರೆ ಪಾದಪೀಠವನ್ನು ದಾಟಿ ಮುಂದೆ ಬಿದ್ದರೆ, ಅದುವರೆಗೆ ಹಿಂದಕ್ಕೆಳೆಯುತ್ತಿದ್ದ ಭಾರವೇ ಮುಂದಕ್ಕೆ ಕೆಡವುತ್ತದೆ. ಆದುದರಿಂದ ಎಳೆಯುವ ಹಗ್ಗದಷ್ಟೇ ಹಿಂದಿನಿಂದ ತಡೆಯುವ ಹಗ್ಗವೂ ಮುಖ್ಯ. ಕ್ರೇನುಗಳಿಲ್ಲದ ಕಾಲದಲ್ಲಿ ಈ ಹದವನ್ನು ಕಣ್ಣಳತೆಯಿಂದಲೂ ತೂಗುಗುಂಡಿನಿಂದಲೂ ಅರಿಯಬೇಕಾಗಿತ್ತು.

ನಿಂತ ಮೇಲೂ ಚಿಂತೆ ತಪ್ಪದು. ಇಷ್ಟು ಎತ್ತರದ ಏಕಶಿಲೆಗೆ ಕಣಕಾಲೇ ದುರ್ಬಲ ಸ್ಥಾನ. ಕಾಯೋತ್ಸರ್ಗದಲ್ಲಿ ಎರಡೂ ತೋಳುಗಳು ಸಮನಾಗಿ ಇಳಿದಿರುವುದರಿಂದ ತೂಕವು ಪಾದಗಳ ನಡುವೆ ಬೀಳುತ್ತದೆ. ಬೆಳಗೊಳದಲ್ಲಿ ತೊಡೆಯವರೆಗೆ ಬಿಟ್ಟಿರುವ ಕಲ್ಲೇ ಹುತ್ತವಾಗಿ ಕಾಲುಗಳನ್ನು ಬಿಗಿದಿದೆ. ಅಲ್ಲಿಂದ ಮೇಲೆ ಆಸರೆಯಿಲ್ಲ. ಭಕ್ತರಿಗೆ ಅದು ತಪಸ್ಸಿನ ಕುರುಹು, ಶಿಲ್ಪಿಗೆ ಭದ್ರತೆಯೂ ಹೌದು.

ಇದೇ ಪರೀಕ್ಷೆ ಇಪ್ಪತ್ತನೆಯ ಶತಮಾನದಲ್ಲಿಯೂ ಎದುರಾಯಿತು. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ, ಸುಮಾರು 170 ಟನ್ನಿನ ಬಾಹುಬಲಿಯನ್ನು 1973ರಲ್ಲಿ ಟ್ರಾಲಿಯ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ಒಯ್ಯಲಾಯಿತು. ರತ್ನಗಿರಿಯ ಮೇಲೆ ಅದು ಎದ್ದು ನಿಂತುದು 1975ರಲ್ಲಿ. ಪ್ರತಿಷ್ಠೆಯಾದುದು 1982ರ ಫೆಬ್ರವರಿಯಲ್ಲಿ.