ವತನದ ಚಾವಡಿ ಮತ್ತು ಪಂಚಾಯತಿ: ಬಾದಾಮಿ–ಹುನಗುಂದ ಸೀಮೆಯ ಗ್ರಾಮಾಡಳಿತ, 1951–1963

ಗ್ರಾಮ ಪಂಚಾಯತಿಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪ್ರಾಚೀನ ಕಾಲದ ಮಹಾಜನರಿಂದ ಆರಂಭಿಸಿ, ನಡುವಿನ ಹಲವು ಶತಮಾನಗಳನ್ನು ಬೇಗಬೇಗನೆ ದಾಟಿ, ಇಪ್ಪತ್ತನೆಯ ಶತಮಾನದ ಕಾಯಿದೆಗಳಿಗೆ ಬಂದು ನಿಲ್ಲುವರು. ಕಳೆದುಹೋಗಿದ್ದ ಸ್ವಯಮಾಡಳಿತವು ಹಳ್ಳಿಗಳಿಗೆ ಮರಳಿ ದೊರೆಯಿತೆಂಬ ಭಾವನೆ ಇದರಿಂದ ಹುಟ್ಟುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ಸಣ್ಣ ಗ್ರಾಮಗಳ ಮಟ್ಟಿಗೆ ಈ ನಿರೂಪಣೆಯನ್ನು ಒಪ್ಪುವುದು ಕಷ್ಟ. ಇಲ್ಲಿ ಚುನಾಯಿತ ಪಂಚಾಯತಿಯು ಕಾಲಿರಿಸಿದುದು ವಂಶಪಾರಂಪರ್ಯದ ವತನವು ಇನ್ನೂ ಆಳುತ್ತಿದ್ದ ಊರುಗಳಲ್ಲಿ.

ಮಹಾಜನರ ಆಡಳಿತವು ಕಟ್ಟುಕತೆಯೇನೂ ಅಲ್ಲ. ಐಹೊಳೆಯ ಲಾಡಖಾನ ಗುಡಿಯಲ್ಲಿರುವ ಸುಮಾರು 8ನೆಯ ಶತಮಾನದ ಶಾಸನದಲ್ಲಿ ಐನೂರ್ವರ ಉಲ್ಲೇಖವಿದೆ. ಆ ಊರಿನ ಹೆಸರನ್ನು ಹೊತ್ತ ವರ್ತಕ ಸಂಘವು ಮುಂದೆ ಸುಮಾತ್ರದವರೆಗೂ ವ್ಯಾಪಾರ ನಡೆಸಿತು. ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಸುಮಾರು 725ರಲ್ಲಿ ಪೊರಿಗೆರೆಗೆ, ಎಂದರೆ ಈಗಿನ ಲಕ್ಷ್ಮೇಶ್ವರಕ್ಕೆ, ನೀಡಿದ ಆಚಾರವ್ಯವಸ್ಥೆಯ ಶಾಸನವು ರಾಜಪುರುಷರು, ಮಹಾಜನರು ಮತ್ತು ಹದಿನೆಂಟು ಪ್ರಕೃತಿಗಳು ಪರಸ್ಪರ ನಡೆದುಕೊಳ್ಳಬೇಕಾದ ರೀತಿಯನ್ನೂ, ಮನೆಮನೆಯ ಅನುಕೂಲಕ್ಕೆ ತಕ್ಕ ತೆರಿಗೆಯನ್ನೂ ಗೊತ್ತುಪಡಿಸುತ್ತದೆ. ಆದರೆ ಇವು ಪಟ್ಟಣಗಳ ಮತ್ತು ಅಗ್ರಹಾರಗಳ ಸಾಕ್ಷ್ಯಗಳು. ಜೋಳ ಬೆಳೆದು ಬದುಕುವ ನೂರಿನ್ನೂರು ಮನೆಗಳ ಹಳ್ಳಿಯ ಆಡಳಿತ ಹೇಗಿದ್ದಿತೆಂಬುದನ್ನು ಇವುಗಳಿಂದ ಊಹಿಸಲಾಗದು.

1818ರಲ್ಲಿ ಥಾಮಸ್ ಮನ್ರೋ ಬಾದಾಮಿಯ ಕೋಟೆಯನ್ನು ಹಿಡಿದಾಗ ಆಂಗ್ಲರಿಗೆ ಇಲ್ಲಿ ಎದುರಾದುದು ವತನದ ವ್ಯವಸ್ಥೆ. ಕಾಗದಪತ್ರಗಳಲ್ಲಿ ಪಾಟೀಲನೆನಿಸಿಕೊಳ್ಳುವ ಗೌಡನು ಕಂದಾಯವನ್ನು ವಸೂಲು ಮಾಡುವನು. ಕುಲಕರ್ಣಿಯು ಲೆಕ್ಕ ಬರೆಯುವನು. ತಳವಾರ, ವಾಲೀಕಾರ, ಶೇತಸನದಿ ಮೊದಲಾದವರು ಕಾವಲು, ಕರೆ, ಓಲೆಗಳನ್ನು ನೋಡಿಕೊಳ್ಳುವರು. ಪ್ರತಿಯೊಬ್ಬನಿಗೂ ಚಾಕರಿಗೆ ಬದಲಾಗಿ ಇನಾಮು ಭೂಮಿ. ಆಂಗ್ಲರು ಇದನ್ನು ಕಿತ್ತುಹಾಕಲಿಲ್ಲ, ಪುಸ್ತಕಕ್ಕೆ ಏರಿಸಿದರು. 1874ರ ಮುಂಬಯಿ ವಂಶಪರಂಪರೆಯ ಹುದ್ದೆಗಳ ಕಾಯಿದೆಯು, ಒಂದು ಮನೆತನದ ಹಲವು ಶಾಖೆಗಳಲ್ಲಿ ಯಾರು ಪ್ರತಿನಿಧಿ ವತನದಾರರು, ಯಾರ ಪಾಳಿ ಎಂದು ಎಂಬುದನ್ನೆಲ್ಲ ನಿರ್ಣಯಿಸುವ ಕ್ರಮವನ್ನು ಹಾಕಿಕೊಟ್ಟಿತು. ಅಲ್ಲಿಯವರೆಗೆ ರೂಢಿಯಾಗಿದ್ದುದು ಇನ್ನು ಮುಂದೆ ಕಾಯಿದೆಯ ಹಕ್ಕಾಯಿತು. ವತನದ ಬಿಗಿತಕ್ಕೆ ಪುರಾತನತ್ವವಷ್ಟೇ ಕಾರಣವಲ್ಲವೆಂದು ನನ್ನ ಅಭಿಪ್ರಾಯ. ಅದರಲ್ಲಿ ಕಲೆಕ್ಟರರ ಕಚೇರಿಯ ಪಾಲೂ ಸಾಕಷ್ಟಿದೆ.

ಈ ವ್ಯವಸ್ಥೆಯು ಒಂದೇ ದಿನ ಕುಸಿಯಲಿಲ್ಲ. ಮುಂಬಯಿ ಸರಕಾರದ 1950ರ ಪರಗಣಾ ಮತ್ತು ಕುಲಕರ್ಣಿ ವತನಗಳ ರದ್ದತಿ ಕಾಯಿದೆಯು 1951ರ ಮೇ 1ರಂದು ಜಾರಿಗೆ ಬಂದಿತು. ಕುಲಕರ್ಣಿಯ ಜಾಗಕ್ಕೆ ಸಂಬಳ ಪಡೆಯುವ, ವರ್ಗಾವಣೆಯಾಗುವ ತಲಾಟಿ ಬಂದನು. ಗೌಡಕಿ ಮಾತ್ರ ಉಳಿಯಿತು. ಹೀಗೆ ಸುಮಾರು ಹನ್ನೆರಡು ವರ್ಷಗಳ ಕಾಲ ಒಂದೇ ಚಾವಡಿಯಲ್ಲಿ ಹುಟ್ಟಿನಿಂದ ಅಧಿಕಾರ ಪಡೆದ ಗೌಡನೂ ಆಜ್ಞಾಪತ್ರದಿಂದ ಅಧಿಕಾರ ಪಡೆದ ತಲಾಟಿಯೂ ಜೊತೆಯಾಗಿ ಕೆಲಸ ಮಾಡಬೇಕಾಯಿತು. ತಲಾಟಿಗೆ ಊರಿನ ದಾಯಾದಿ ಕಲಹಗಳ ಹಂಗಿರಲಿಲ್ಲ, ಇದು ರೈತನಿಗೆ ಲಾಭ. ಆದರೆ ಹಲವು ಹಳ್ಳಿಗಳನ್ನು ಕೂಡಿಸಿದ ಸಜ್ಜೆಯ ಹೊಣೆ ಅವನದಾದ್ದರಿಂದ, ಸಣ್ಣ ಊರಿನ ರೈತನು ತನ್ನ ಹೊಲದ ಉತಾರಕ್ಕಾಗಿ ಅವನು ಬರುವ ದಿನವನ್ನು ಕಾಯಬೇಕು, ಇಲ್ಲವೆ ಬೇರೆ ಊರಿಗೆ ನಡೆಯಬೇಕು. ಮನೆಯ ಅಂಗಳದಲ್ಲಿದ್ದ ಲೆಕ್ಕವು ದೂರವಾಯಿತು.

ಅಷ್ಟರಲ್ಲಿ ರಾಜ್ಯವೇ ಬದಲಾಯಿತು. 1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1959ರ ಮೈಸೂರು ಗ್ರಾಮ ಪಂಚಾಯತಿಗಳ ಮತ್ತು ಸ್ಥಳೀಯ ಮಂಡಲಗಳ ಕಾಯಿದೆಯು ಮುಂಬಯಿ ಪ್ರಾಂತದ ಹಳೆಯ ಪಂಚಾಯತಿ ಕಾಯಿದೆಯ ಸ್ಥಾನದಲ್ಲಿ ಏಕರೂಪದ ಪಂಚಾಯತಿಯನ್ನು ತಂದು, ಸ್ತ್ರೀಯರಿಗೂ ಪರಿಶಿಷ್ಟ ಜಾತಿಗಳಿಗೂ ಸ್ಥಾನಗಳನ್ನು ಕಾದಿರಿಸಿತು. ಆಗಲೂ ಗೌಡನ ವತನ ರದ್ದಾಗಿರಲಿಲ್ಲ. ಮತದಿಂದ ಬಂದ ಅಧ್ಯಕ್ಷನು ದೀಪ, ಬಾವಿ, ದಾರಿಗಳಿಗೆ ಅಧಿಕಾರಿ; ಕಂದಾಯಕ್ಕೆ ಇನ್ನೂ ಗೌಡನೇ ಯಜಮಾನ. 1961ರ ಮೈಸೂರು ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯು 1963ರ ಫೆಬ್ರವರಿ 1ರಂದು ಜಾರಿಗೆ ಬಂದ ಮೇಲೆಯೇ ಈ ಇಬ್ಬಂದಿ ಮುಗಿದುದು.

ಈ ವಿಳಂಬದ ಹೊರೆ ಹೆಚ್ಚಾಗಿ ಬಿದ್ದುದು ಕೆಳಗಿನ ಚಾಕರರ ಮೇಲೆ. ಅವರ ಇನಾಮು ಹಿಡಿಯಷ್ಟು; ದುಡಿಮೆಗೆ ಮಾತ್ರ ಹೊತ್ತುಗೊತ್ತಿಲ್ಲ. ಅಸ್ಪೃಶ್ಯರೆನಿಸಿದ್ದ ವತನದಾರರ ಈ ಬಂಧನವನ್ನು ಸಡಿಲಿಸಲೆಂದು ಡಾ. ಅಂಬೇಡ್ಕರರು 1928ರಲ್ಲಿಯೇ ಮುಂಬಯಿ ವಿಧಾನ ಪರಿಷತ್ತಿನಲ್ಲಿ 1874ರ ಕಾಯಿದೆಗೆ ತಿದ್ದುಪಡಿಯ ಮಸೂದೆಯನ್ನು ಮಂಡಿಸಿದ್ದರು, ಅದು ಕಾಯಿದೆಯಾಗಲಿಲ್ಲ. ಮುಂಬಯಿ ರಾಜ್ಯವು ಕೆಳದರ್ಜೆಯ ಗ್ರಾಮ ವತನಗಳನ್ನು 1958ರ ಕಾಯಿದೆಯಿಂದ ರದ್ದುಪಡಿಸುವ ಹೊತ್ತಿಗೆ ಬಿಜಾಪುರ ಜಿಲ್ಲೆ ಆ ರಾಜ್ಯದಲ್ಲಿರಲಿಲ್ಲ. ಏಕೀಕರಣವನ್ನು ಹೃತ್ಪೂರ್ವಕವಾಗಿ ಮೆಚ್ಚುವ ನಾವು ಈ ಸಂಗತಿಯನ್ನೂ ಗಮನಿಸುವುದು ನ್ಯಾಯ. 1963ರಲ್ಲಿ ಬಿಡುಗಡೆಯಾದ ವಾಲೀಕಾರನ ಮುಂದೆ ಎರಡು ಪ್ರಶ್ನೆಗಳಿದ್ದವು: ಬಿಟ್ಟಿ ಚಾಕರಿ ತಪ್ಪಿತು, ಹೊಲ ಉಳಿಯುವುದೆ? ಕಾಯಿದೆಯಂತೆ ಹಣ ತುಂಬಿದರೆ ಭೂಮಿಯು ಅವನಿಗೇ ಮರುಮಂಜೂರಾಗಬಹುದಿತ್ತು. ಸಾಲದ ಒತ್ತಾಯದಲ್ಲಿದ್ದವನಿಗೆ, ಮಂಜೂರಾದ ಭೂಮಿಯನ್ನು ಉಳಿಸಿಕೊಳ್ಳುವುದು ಮಂಜೂರು ಮಾಡಿಸಿಕೊಳ್ಳುವುದಕ್ಕಿಂತ ಕಠಿಣ. ಇಂಥ ಭೂಮಿಯನ್ನು ಹದಿನೈದು ವರ್ಷ ಪರಭಾರೆ ಮಾಡಬಾರದೆಂಬ ತಿದ್ದುಪಡಿ ಬಂದುದು 1978ರಲ್ಲಿ, ವತನ ರದ್ದಾಗಿ ಹದಿನೈದು ವರ್ಷಗಳು ಕಳೆದ ಮೇಲೆ.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. 1983ರ ಕಾಯಿದೆಯಂತೆ ಎಂಟರಿಂದ ಹನ್ನೆರಡು ಸಾವಿರ ಜನರಿಗೊಂದು ಮಂಡಲ ಪಂಚಾಯತಿಯಾಯಿತು. 1987ರಲ್ಲಿ ಚುನಾವಣೆಗಳು ನಡೆದವು. 1993ರ ಪಂಚಾಯತ್ ರಾಜ್ ಕಾಯಿದೆಯು ಸುಮಾರು 400 ಜನರಿಗೊಬ್ಬ ಸದಸ್ಯನೆಂದು ನಿಯಮಿಸಿತು. ನೂರಿನ್ನೂರು ಮನೆಯ ಹಳ್ಳಿಗೆ ಇದರಿಂದ ಒಂದೋ ಎರಡೋ ಮೂರೋ ಸ್ಥಾನಗಳು ದೊರೆತವು, ಅನೇಕ ವೇಳೆ ನೆರೆಯ ದೊಡ್ಡ ಊರಿನಲ್ಲಿ ಸೇರುವ ಸಭೆಯಲ್ಲಿ.