ಹಳೆಯ ವಸತಿಕಟ್ಟಡದ ಜನ್ಮವರ್ಷ

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಹಳೆಯ ಬಹುಮಹಡಿ ವಸತಿಕಟ್ಟಡವೊಂದರ ಮುಂದೆ ತಾವು ನಿಂತಿರುವಿರೆಂದು ಭಾವಿಸಿರಿ. ಅದು ಕಟ್ಟಿದ ವರ್ಷವನ್ನು ನಗರದ ಆಸ್ತಿ ದಾಖಲೆಯಲ್ಲಿ ಹುಡುಕಿದರೆ 1900 ಎಂಬ ಉತ್ತರ ದೊರೆಯುವ ಸಂಭವವೇ ಹೆಚ್ಚು. ಪಕ್ಕದ ಮನೆಗೂ 1900, ಎದುರು ಸಾಲಿಗೂ 1900! ಬೀದಿಗೆ ಬೀದಿಯೇ ಒಂದೇ ವರ್ಷದಲ್ಲಿ ಎದ್ದುನಿಂತಿತೆ? ಹಾಗಲ್ಲ. ಹತ್ತೊಂಬತ್ತನೆಯ ಶತಮಾನದ ಅಸಂಖ್ಯ ಕಟ್ಟಡಗಳಿಗೆ 1899ರಿಂದ 1901ರೊಳಗಿನ ವರ್ಷವೊಂದನ್ನು ಅಂಟಿಸಿಬಿಟ್ಟಿದ್ದಾರೆ. 1910ರಿಂದ 1985ರವರೆಗಿನ ನಮೂದುಗಳು ಬಹುಪಾಲು ಸೊನ್ನೆಯಲ್ಲಿ ಇಲ್ಲವೆ ಐದರಲ್ಲಿ ಮುಗಿಯುತ್ತವೆ. ಇದನ್ನು ಆ ನಗರದ ಯೋಜನಾ ಇಲಾಖೆಯೇ ಬರೆದು ಒಪ್ಪಿಕೊಂಡಿದೆ.

ಒಂದೆರಡು ವರ್ಷಗಳ ಅಂತರವೇನು ಮಹಾ ಎನ್ನುವಂತಿಲ್ಲ. 1974ರ ಜನವರಿ 1ಕ್ಕೆ ಮುಂಚೆ ಕಟ್ಟಿದ, ಆರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡದ ಬಾಡಿಗೆದಾರರಿಗೆ ಅಲ್ಲಿ ಸಾಮಾನ್ಯವಾಗಿ ಬಾಡಿಗೆ ಏರಿಕೆಯ ವಿರುದ್ಧ ಕಾನೂನಿನ ರಕ್ಷಣೆಯುಂಟು. ದಾಖಲೆಯ ದುಂಡಾದ 1975 ವಾಸ್ತವವಾಗಿ 1973 ಆಗಿದ್ದರೆ ಒಂದು ಸಂಸಾರದ ಸೂರೇ ಆ ಅಂಕಿಯ ಮೇಲೆ ನಿಂತಿರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ಕಟ್ಟಡ 1960ಕ್ಕೆ ಹಿಂದಿನದಾದರೆ, ಗೋಡೆಯ ಬಣ್ಣದಲ್ಲಿ ಸೀಸದ ವಿಷವಿದೆಯೆಂದೇ ಕಾಯಿದೆ ಭಾವಿಸುತ್ತದೆ.

ಹಾಗಾದರೆ ನಿಜವನ್ನು ತಿಳಿಯುವ ಬಗೆ ಯಾವುದು? ಮೊದಲು ಕಟ್ಟಡದ ಶರೀರವನ್ನೇ ನೋಡಬೇಕು. ಪ್ರತಿ ಕೋಣೆಗೂ ಗಾಳಿ ಬರಬೇಕೆಂದು 1879ರ ಕಾಯಿದೆ ವಿಧಿಸಿದಾಗ, ಕಟ್ಟುವವರು ಎರಡು ಮನೆಗಳ ನಡುವೆ ಬಾವಿಯಂತಹ ಇಕ್ಕಟ್ಟಾದ ಗಾಳಿಗಂಡಿಯನ್ನು ಬಿಟ್ಟು ಕೈತೊಳೆದುಕೊಂಡರು. 1901ರ ಕಾಯಿದೆ ಅದನ್ನು ನಿಷೇಧಿಸಿ ವಿಶಾಲವಾದ ಅಂಗಳವನ್ನು ಕೇಳಿತು. ಆದುದರಿಂದ ಸೊಂಟ ಸಣ್ಣಗಾದಂತಹ ನಕ್ಷೆಯ ಕಟ್ಟಡ ಕಂಡರೆ ಅದು ಬಹುಶಃ ಈ ಎರಡು ವರ್ಷಗಳ ನಡುವಿನದು.

ಅನಂತರ ಕಾಗದಪತ್ರ. ಹೊಸ ಕಟ್ಟಡಕ್ಕಾಗಿ ಸಲ್ಲಿಸಿದ ಅರ್ಜಿಯೇ ಎಲ್ಲಕ್ಕಿಂತ ಬಲವಾದ ಸಾಕ್ಷಿ. ಆದರೆ ಅರ್ಜಿ ಕೊಟ್ಟವರೆಲ್ಲ ಕಟ್ಟಿ ಮುಗಿಸಿದರೆಂದು ಅರ್ಥವಲ್ಲ. ಬೆಂಕಿವಿಮೆಯವರಿಗಾಗಿ ತಯಾರಾದ ಸ್ಯಾನ್‌ಬೋರ್ನ್ ನಕ್ಷೆಗಳೊಡನೆ ಅದನ್ನು ತಾಳೆ ನೋಡಬೇಕು. ವಾಸಯೋಗ್ಯತೆಯ ಪ್ರಮಾಣಪತ್ರವೂ ಮೋಸಗೊಳಿಸಬಲ್ಲದು: ಹಳೆಯ ಮನೆಗಳಲ್ಲಿ ಅದು ಎಷ್ಟೋ ವೇಳೆ ತರುವಾಯದ ಮಾರ್ಪಾಡಿಗೆ ಕೊಟ್ಟದ್ದು. (ದಾನಶಾಸನದ ಕಾಲವನ್ನೇ ಗುಡಿಯ ಕಾಲವೆಂದು ಓದುವ ಆತುರ ನಮ್ಮಲ್ಲಿಯೂ ಉಂಟಷ್ಟೆ.) 1939ರಿಂದ 1941ರವರೆಗೆ ತೆರಿಗೆಗಾಗಿ ನಗರದ ಕಟ್ಟಡಗಳನ್ನೆಲ್ಲ ಛಾಯಾಚಿತ್ರ ತೆಗೆಸಿದರು, ಅಂದು ಕಟ್ಟಡವಿತ್ತೆ ಇಲ್ಲವೆ ಎಂಬ ಪ್ರಶ್ನೆ ಅಲ್ಲಿಗೆ ತೀರುತ್ತದೆ.

ಆರ್ಚರ್ಡ್ ಬೀದಿಯ 97ನೆಯ ಸಂಖ್ಯೆಯ ಕಟ್ಟಡವನ್ನು ನೋಡಿರಿ. ಒಳಗಿನ ಶೌಚಾಲಯ, ಒಳಗೋಡೆಗೆ ಕೊರೆದ ಕಿಟಕಿ ಇವುಗಳಿಂದ ಅದು ಇಪ್ಪತ್ತನೆಯ ಶತಮಾನದ್ದೆಂದು ತೋರಬಹುದು. ಆದರೆ ಅವು 1901ರ ಕಾಯಿದೆಯ ಒತ್ತಾಯಕ್ಕೆ ಸೇರಿಸಿದವು. ಲೂಕಾಸ್ ಗ್ಲಾಕ್ನರ್ ಎಂಬ ಜರ್ಮನ್ ದರ್ಜಿ ಅದನ್ನು ಕಟ್ಟಿಸಿದ್ದು 1863ರಲ್ಲಿ, ಈ ಯಾವ ಕಾಯಿದೆಯೂ ಹುಟ್ಟುವ ಮೊದಲು. 1935ರಲ್ಲಿ ಮಾಲೀಕ ಹೊಸ ನಿಯಮಗಳಿಗೆ ಹಣ ಸುರಿಯಲೊಲ್ಲದೆ ಮೇಲಿನ ಮನೆಗಳನ್ನು ಖಾಲಿಮಾಡಿಸಿದ. ಅಷ್ಟರಲ್ಲಿ ಸುಮಾರು 7,000 ವಲಸೆಗಾರರು ಅಲ್ಲಿ ಬಾಳಿ ಹೋಗಿದ್ದರು. ಆ ಮನೆಗಳು ಮುಚ್ಚಿಯೇ ಇದ್ದುದರಿಂದ, 1988ರಲ್ಲಿ ವಸ್ತುಸಂಗ್ರಹಾಲಯ ಸ್ಥಾಪಿಸಿದವರಿಗೆ ಗೋಡೆಯ ಕಾಗದದ ಪದರಗಳೂ ಹಾಗೆಯೇ ದೊರೆತವು.